ಅಟಿಲನಿಂದ ಅಮೆಜಾನ್‌ವರೆಗೆ: ಪ್ರಾಚೀನ ಹೆಸರುಗಳೆಲ್ಲ ತುರ್ಕರವೇ?

ಸುಮೇರಿಯನ್ನರ ಭಾಷೆಯಲ್ಲಿ ದೇವರು 'ದಿಂಗಿರ್', ತುರ್ಕರ ಭಾಷೆಯಲ್ಲಿ 'ತೆಂಗ್ರಿ'. ರೋಮನ್ನರಿಗಿಂತ ಮೊದಲು ಇಟಲಿಯಲ್ಲಿ ಮೆರೆದ ಎಟ್ರುಸ್ಕನ್ನರನ್ನು ನೆರೆಯವರು 'ತುರ್ಸ್ಕ್' ಅನ್ನುತ್ತಿದ್ದರು, ಅಂದರೆ ತುರ್ಕರು. ಪರ್ಷಿಯದ ಸೈರಸ್ ದೊರೆಯನ್ನು ಸೋಲಿಸಿದ ರಾಣಿ ತೊಮಿರಿಸ್, ಅಂದರೆ 'ತೆಮಿರ್', ಕಬ್ಬಿಣದಂಥ ಹೆಣ್ಣು. ಟ್ರಾಯ್ ತುರ್ಕರ ಊರು. ಅಮೆಜಾನ್ ನದಿಯ ಹೆಸರೂ ತುರ್ಕಿ ಭಾಷೆಯದು. ಇಷ್ಟೆಲ್ಲವನ್ನೂ ಜಗತ್ತಿನಿಂದ ಮುಚ್ಚಿಡಲಾಗಿದೆ!

ಈ ಧಾಟಿಯ ಪಟ್ಟಿಗಳು ವಿಡಿಯೋ, ಫಾರ್ವರ್ಡ್, ಚಿತ್ರಗಳ ರೂಪದಲ್ಲಿ ಹಲವು ಭಾಷೆಗಳಲ್ಲಿ ಓಡಾಡುತ್ತವೆ. ಇದರ ದಾಯಾದಿಯೊಂದು ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿರಬಹುದು: "ಇರಾಕಿನ ಪ್ರಾಚೀನ ನಗರ ಉರ್ ಅಂದರೆ ನಮ್ಮ ಊರು!" ಭಾಷೆ ಬೇರೆ, ತರ್ಕ ಒಂದೇ. ಹಾಗಾಗಿ ತುರ್ಕರ ಪಟ್ಟಿಯನ್ನೇ ಎದುರಿಗಿಟ್ಟುಕೊಂಡು ಒಂದೊಂದಾಗಿ ನೋಡೋಣ. ಮೊದಲೇ ಹೇಳಿಬಿಡುತ್ತೇವೆ: ಹಳೆಯ ಹೆಸರುಗಳಲ್ಲಿ ನಿಜವಾಗಿಯೂ ತುರ್ಕರ ಭಾಷೆಯಿಂದ ಬಂದವು ಇವೆ. ಇನ್ನು ಕೆಲವು ಇನ್ನೂ ತೀರ್ಮಾನವಾಗದವು. ಆದರೆ ಮೇಲಿನ ಪಟ್ಟಿಯಲ್ಲಿರುವ ಯಾವುದೂ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ತುರ್ಕಿಕ್ ಅಂದರೆ ಯಾವ ಭಾಷೆ?

ಕನ್ನಡ, ತಮಿಳು, ತುಳು, ತೆಲುಗುಗಳನ್ನು ಒಟ್ಟಾಗಿ ದ್ರಾವಿಡ ಭಾಷೆಗಳು ಅನ್ನುತ್ತೇವಲ್ಲ, ಹಾಗೆಯೇ ಟರ್ಕಿಯ ಟರ್ಕಿಶ್, ಅಜರ್‌ಬೈಜಾನಿ, ಉಜ್ಬೆಕ್, ಕಝಕ್, ಕಿರ್ಗಿಜ್, ಉಯ್ಗುರ್, ಸೈಬೀರಿಯದ ಯಾಕುತ್ ಮೊದಲಾದವು ಸೇರಿ ತುರ್ಕಿಕ್ ಭಾಷಾಕುಟುಂಬ. ಇವುಗಳ ಹಳೆಯ ನೆಲೆ ಇಂದಿನ ಟರ್ಕಿಯಲ್ಲ, ಮಂಗೋಲಿಯ ಮತ್ತು ಅದರ ಸುತ್ತಲಿನ ಹುಲ್ಲುಗಾವಲು ಪ್ರದೇಶ. ಟರ್ಕಿಯ ನೆಲಕ್ಕೆ ಈ ಭಾಷೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 11ನೇ ಶತಮಾನದಲ್ಲಿ, ಸೆಲ್ಜುಕರ ಜೊತೆ.

'ತುರ್ಕ್' ಎಂಬ ಹೆಸರು ಇತಿಹಾಸದಲ್ಲಿ ಗಟ್ಟಿಯಾಗಿ ಕಾಣಿಸಿಕೊಳ್ಳುವುದು ಕ್ರಿ.ಶ. 6ನೇ ಶತಮಾನದಲ್ಲಿ. 552ರಲ್ಲಿ ಮಂಗೋಲಿಯದಲ್ಲಿ ತುರ್ಕರ ಖಗನರ ರಾಜ್ಯ ತಲೆಯೆತ್ತಿತು. ಅವರದೇ ಭಾಷೆಯ ದೊಡ್ಡ ಶಾಸನಗಳು ಅಲ್ಲಿನ ಓರ್ಖಾನ್ ನದಿಯ ಬಳಿ ಇವೆ. ಕುಲ್ ತೆಗಿನ್ ಎಂಬ ರಾಜಕುಮಾರನದು 732ರದು, ಬಿಲ್ಗೆ ಖಗನನದು 735ರದು. ಇವುಗಳ ಲಿಪಿಯನ್ನು ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸನ್ 1893ರಲ್ಲಿ ಬಿಡಿಸಿದರು. ಅವರು ಮೊಟ್ಟಮೊದಲು ಗುರುತಿಸಿದ ಪದಗಳಲ್ಲಿ 'ತೆಂಗ್ರಿ' ಕೂಡ ಒಂದು.

ಈ ಇಸವಿಗಳನ್ನು ನೆನಪಿನಲ್ಲಿಡಿ. ಕ್ರಿ.ಪೂ. 3000ದ ಹೆಸರೊಂದನ್ನು ಇಂದಿನ ಟರ್ಕಿಶ್ ನಿಘಂಟಿನ ಪದಕ್ಕೆ ಹೊಂದಿಸುವವರು ನಡುವಿನ ಸಾವಿರಾರು ವರ್ಷಗಳನ್ನು ಒಂದೇ ಜಿಗಿತಕ್ಕೆ ದಾಟುತ್ತಾರೆ. ಭಾಷೆ ಅಷ್ಟು ಕಾಲ ಸುಮ್ಮನೆ ಕೂರುವುದಿಲ್ಲ. ಸಾವಿರ ವರ್ಷದ ಹಿಂದಿನ ಹಳಗನ್ನಡವನ್ನೇ ನಾವು ಟಿಪ್ಪಣಿ ಇಲ್ಲದೆ ಓದಲಾರೆವು.

ಕಬ್ಬಿಣದ ರಾಣಿಗೆ ಕಬ್ಬಿಣವೇ ಇರಲಿಲ್ಲ

ತೊಮಿರಿಸ್‌ಳ ಕಥೆ ಸೊಗಸಾಗಿದೆ. ಗ್ರೀಕ್ ಚರಿತ್ರೆಕಾರ ಹೆರೊಡೊಟಸ್ ಹೇಳುವಂತೆ, ಕ್ಯಾಸ್ಪಿಯನ್ ಸಮುದ್ರದ ಆಚೆಗಿನ ಮಸ್ಸಗೆಟೆ ಎಂಬ ಜನರ ರಾಣಿ ಆಕೆ. ಕ್ರಿ.ಪೂ. 530ರಲ್ಲಿ ಪರ್ಷಿಯದ ಸೈರಸ್ ಅವಳ ನಾಡಿಗೆ ನುಗ್ಗಿ ಯುದ್ಧದಲ್ಲಿ ಸತ್ತ. ಮಗನನ್ನು ಕಳೆದುಕೊಂಡಿದ್ದ ರಾಣಿ ಸೈರಸ್‌ನ ತಲೆಯನ್ನು ರಕ್ತ ತುಂಬಿದ ಚೀಲದಲ್ಲಿ ಅದ್ದಿದಳಂತೆ. ಇಂದು ಕಝಾಕ್‌ಸ್ತಾನದಲ್ಲಿ ಆಕೆ ರಾಷ್ಟ್ರನಾಯಕಿ. 2019ರಲ್ಲಿ ಅಲ್ಲಿ ಅವಳ ಮೇಲೆ ದೊಡ್ಡ ಸಿನಿಮಾ ಬಂತು. ಹೆಣ್ಣುಮಕ್ಕಳಿಗೆ ಅವಳ ಹೆಸರಿಡುತ್ತಾರೆ.

ಕಬ್ಬಿಣಕ್ಕೆ ತುರ್ಕಿಕ್ ಭಾಷೆಗಳಲ್ಲಿ 'ತೆಮಿರ್' ಅಥವಾ 'ದೆಮಿರ್' ಅನ್ನುವುದು ನಿಜ. ಓರ್ಖಾನ್ ಶಾಸನಗಳಲ್ಲೇ ಈ ಪದ ಇದೆ. ಆದರೆ ಆ ಶಾಸನಕ್ಕೂ ತೊಮಿರಿಸ್‌ಗೂ ನಡುವೆ 1250 ವರ್ಷಗಳ ಅಂತರ. ಅದನ್ನೂ ಬಿಡಿ. ಆಕೆಯ ಬಗ್ಗೆ ನಮಗೆ ತಿಳಿದಿರುವುದೆಲ್ಲ ಬಹುಮಟ್ಟಿಗೆ ಹೆರೊಡೊಟಸ್‌ನಿಂದ. ಅದೇ ಹೆರೊಡೊಟಸ್ ಅದೇ ಅಧ್ಯಾಯದಲ್ಲಿ ಮಸ್ಸಗೆಟೆ ಜನ ಎಲ್ಲಕ್ಕೂ ಚಿನ್ನ ಮತ್ತು ಕಂಚನ್ನೇ ಬಳಸುತ್ತಾರೆ, ಅವರ ನಾಡಿನಲ್ಲಿ ಕಬ್ಬಿಣವೂ ಬೆಳ್ಳಿಯೂ ಇಲ್ಲ ಎಂದು ಬರೆದಿದ್ದಾನೆ! ಫಾರ್ವರ್ಡ್ ಬರೆದವರು ಆ ಪುಟ ತಿರುವಿ ನೋಡಿದಂತಿಲ್ಲ.

ಇನ್ನೂ ಗಟ್ಟಿಯಾದ ಸುಳಿವು ಆಕೆಯ ಮಗನ ಹೆಸರಿನಲ್ಲಿದೆ: ಸ್ಪರ್ಗಪಿಸೆಸ್. ಇದನ್ನು ಇರಾನಿ ಭಾಷೆಗಳ ನೆರವಿನಿಂದ ಬಿಡಿಸಬಹುದು. 'ಸ್ಪರ್ಗ' ಅಂದರೆ ಚಿಗುರು. 'ಪೈಸ' ಅಂದರೆ ರೂಪ, ಅಲಂಕಾರ. ವೇದದ ಸಂಸ್ಕೃತದಲ್ಲಿ ಇದೇ ಅರ್ಥದ 'ಪೇಶಸ್' ಇದೆ. ಇಂಥದೇ ಹೆಸರು, ಸ್ಪರ್ಗಪೈಥೆಸ್, ಸಿಥಿಯನ್ ರಾಜರಲ್ಲೂ ಇತ್ತು. ಸಿಥಿಯನ್ನರು ಓಡಾಡಿದ ನೆಲದ ನದಿಗಳನ್ನು ನೋಡಿ: ಡಾನ್, ನೀಪರ್, ನೀಸ್ಟರ್. ಮೂರರಲ್ಲೂ ಅಡಗಿರುವುದು 'ನೀರು, ನದಿ' ಅನ್ನುವ ಇರಾನಿ ಪದ. ಕಾಕಸಸ್‌ನ ಒಸೆಟಿಯನ್ ಭಾಷೆಯಲ್ಲಿ ಇಂದಿಗೂ ನೀರಿಗೆ 'ದೊನ್' ಅನ್ನುತ್ತಾರೆ. ಹೀಗೆ ಮಗನ ಹೆಸರು, ನೆಂಟರಂಥ ಜನರ ಹೆಸರು, ನದಿಯ ಹೆಸರು ಎಲ್ಲವೂ ಒಂದೇ ಕಡೆ ಬೆರಳು ತೋರಿಸುವಾಗ ತಾಯಿಯದೊಂದನ್ನು ಮಾತ್ರ ಕಿತ್ತು ಬೇರೆ ಭಾಷೆಗೆ ಕೊಡಲು ಬಲವಾದ ಕಾರಣ ಬೇಕು. ತೊಮಿರಿಸ್ ಎಂಬುದು 'ಕುಲ, ಸಂತತಿ' ಅರ್ಥದ ಪ್ರಾಚೀನ ಪರ್ಷಿಯನ್ ಪದ 'ತೌಮಾ'ಕ್ಕೆ ಸಂಬಂಧಿಸಿರಬಹುದು ಎಂಬ ಸಲಹೆ ಇದೆ. ಅದು ಸಲಹೆಯೇ ಹೊರತು ತೀರ್ಪಲ್ಲ.

ಎಟ್ರುಸ್ಕನ್ನರು ತುರ್ಕರಾದರೆ, ಕನ್ನಡಿಗರೂ ಆಗಬೇಕು

ಲ್ಯಾಟಿನ್‌ನ 'ಎಟ್ರುಸ್ಕಿ', 'ತುಸ್ಕಿ', ಗ್ರೀಕಿನ 'ತಿರ್ಸೆನೊಯ್', ಇಟಲಿಯ ಇನ್ನೊಂದು ಹಳೆಯ ಭಾಷೆಯ 'ತುರ್ಸ್ಕ್', ಇವೆಲ್ಲ ನೆರೆಯವರು ಇಟ್ಟ ಹೆಸರುಗಳು. ಅವರು ತಮ್ಮನ್ನು ತಾವು ಕರೆದುಕೊಂಡದ್ದು 'ರಸೆನ್ನ' ಅಥವಾ 'ರಸ್ನ' ಎಂದು. ಅದರಲ್ಲಿ ತುರ್ಕ್ ಎಲ್ಲಿದೆ?

ಅವರ ಭಾಷೆ ನಮಗೆ ಪೂರ್ತಿ ಅರ್ಥವಾಗದಿದ್ದರೂ ಸಾವಿರಾರು ಚಿಕ್ಕ ಬರಹಗಳಿಂದ ಮೂಲ ಪದಗಳು ಗೊತ್ತಾಗಿವೆ. ಒಂದು, ಎರಡು, ಮೂರಕ್ಕೆ ಅವರು 'ಥು, ಜಲ್, ಕಿ' ಅನ್ನುತ್ತಿದ್ದರು. ಟರ್ಕಿಶ್‌ನಲ್ಲಿ 'ಬಿರ್, ಇಕಿ, ಉಚ್'. ಮಗನಿಗೆ ಅವರಲ್ಲಿ 'ಕ್ಲನ್', ಟರ್ಕಿಶ್‌ನಲ್ಲಿ 'ಒಗುಲ್'. ತಾಯಿಗೆ ಅವರು 'ಅತಿ' ಅನ್ನುತ್ತಿದ್ದರು. ಟರ್ಕಿಶ್‌ನ 'ಅತಾ' ಇದಕ್ಕೆ ಹತ್ತಿರ ಇದೆಯಲ್ಲ ಅಂದರೆ, ಅದರ ಅರ್ಥ ತಂದೆ! ಇನ್ನು ತಂದೆಗೆ ಎಟ್ರುಸ್ಕನ್ನರು ಏನನ್ನುತ್ತಿದ್ದರು ಗೊತ್ತೆ? 'ಅಪ'. ಫಾರ್ವರ್ಡ್‌ನ ತರ್ಕದ ಪ್ರಕಾರ ಇಟಲಿಯನ್ನು ಕನ್ನಡಿಗರಿಗೆ ಬರೆದುಕೊಡಬೇಕು.

ತಮಾಷೆ ಬದಿಗಿಡೋಣ. ಅಪ್ಪ, ಅಮ್ಮ, ಅತ್ತ, ಪಾಪಾ, ಮಾಮಾ ಮೊದಲಾದವು ಮಗುವಿನ ಬಾಯಿಗೆ ಮೊದಲು ಸಿಗುವ ಶಬ್ದಗಳು. ನಂಟಿಲ್ಲದ ಭಾಷೆಗಳಲ್ಲೂ ಇವು ಹೋಲುತ್ತವೆ. ಹೋಲಿಕೆಯಲ್ಲೂ ಎಡವಟ್ಟು ಆಗುವುದುಂಟು. ಜಾರ್ಜಿಯ ದೇಶದ ಭಾಷೆಯಲ್ಲಿ 'ಮಾಮಾ' ಅಂದರೆ ತಂದೆ, 'ದೆದಾ' ಅಂದರೆ ತಾಯಿ. ಹಾಗಾಗಿ ಭಾಷಾಶಾಸ್ತ್ರಜ್ಞರು ನಂಟಸ್ತನ ಹುಡುಕುವಾಗ ಈ ಪದಗಳನ್ನು ಮೊದಲೇ ಪಕ್ಕಕ್ಕೆ ಇಟ್ಟುಬಿಡುತ್ತಾರೆ.

2021ರಲ್ಲಿ ಎಟ್ರುಸ್ಕನ್ ಸಮಾಧಿಗಳೂ ಸೇರಿದಂತೆ ಇಟಲಿಯ 82 ಪ್ರಾಚೀನ ವ್ಯಕ್ತಿಗಳ ಡಿಎನ್‌ಎ ಅಧ್ಯಯನ ಪ್ರಕಟವಾಯಿತು. ಎಟ್ರುಸ್ಕನ್ನರ ವಂಶವಾಹಿಗಳು ನೆರೆಯ ಲ್ಯಾಟಿನ್ ಜನರಂತೆಯೇ ಇದ್ದವು. ದೂರದಿಂದ ಇತ್ತೀಚೆಗೆ ವಲಸೆ ಬಂದ ಗುರುತು ಕಾಣಲಿಲ್ಲ.

ದಿಂಗಿರ್, ತೆಂಗ್ರಿ ಮತ್ತು ನಮ್ಮ ಊರು

ಪಟ್ಟಿಯಲ್ಲಿ ಎಲ್ಲಕ್ಕಿಂತ ಆಕರ್ಷಕವಾದದ್ದು ಇದೇ. ಸದ್ದೂ ಹತ್ತಿರ, ಅರ್ಥವೂ ಹತ್ತಿರ. ಸುಮೇರಿಯನ್ ಬರಹದಲ್ಲಿ ದೇವರಿಗೂ ಆಕಾಶಕ್ಕೂ ಒಂದೇ ನಕ್ಷತ್ರದಂಥ ಗುರುತು. ತೆಂಗ್ರಿಗೂ ಆಕಾಶ, ದೇವರು ಎಂಬ ಎರಡೂ ಅರ್ಥಗಳಿವೆ. ತೆಂಗ್ರಿಯ ಹಳಮೆಯನ್ನು ಇನ್ನಷ್ಟು ಹಿಂದಕ್ಕೂ ಒಯ್ಯಬಹುದು. ಹಾನ್ ಕಾಲದ ಚೀನೀ ಚರಿತ್ರೆಯಲ್ಲಿ ಉತ್ತರದ ಕ್ಸಿಯೊಂಗ್ನು ಅಲೆಮಾರಿಗಳು ಆಕಾಶಕ್ಕೆ ಇದನ್ನೇ ಹೋಲುವ ಪದ ಬಳಸುತ್ತಿದ್ದರೆಂದು ದಾಖಲಾಗಿದೆ. ಹಾಗಿದ್ದೂ ಸುಮೇರಿಯನ್ ಮಾತು ಬಳಕೆ ತಪ್ಪಿದ್ದು ಅದಕ್ಕಿಂತ ಸುಮಾರು ಎರಡು ಸಾವಿರ ವರ್ಷ ಮೊದಲು, ಸಾವಿರಾರು ಕಿಲೋಮೀಟರ್ ದೂರದಲ್ಲಿ.

ಎರಡು ಭಾಷೆಗಳು ನೆಂಟರಾಗಿದ್ದರೆ ಒಂದು ಪದ ಮಾತ್ರ ಹೋಲುವುದಿಲ್ಲ, ಮೈಕೈ ಎಲ್ಲ ಹೋಲಬೇಕು. ಸುಮೇರಿಯನ್‌ನಲ್ಲಿ ಕೈ 'ಶು', ತಲೆ 'ಸಂಗ್', ನಾಲಗೆ 'ಎಮೆ', ಎರಡು 'ಮಿನ್'. ಟರ್ಕಿಶ್‌ನಲ್ಲಿ ಅವೇ 'ಎಲ್', 'ಬಾಶ್', 'ದಿಲ್', 'ಇಕಿ'.

"ಎರಡೂ ಭಾಷೆಗಳಲ್ಲಿ ಪದಕ್ಕೆ ಪ್ರತ್ಯಯಗಳನ್ನು ಒಂದರ ಹಿಂದೆ ಒಂದು ಅಂಟಿಸುತ್ತಾರೆ, ಅದೇ ಸಾಕ್ಷಿ" ಎಂಬ ವಾದವೂ ಇದೆ. ಟರ್ಕಿಶ್‌ನಲ್ಲಿ ಮನೆ 'ಎವ್', ಮನೆಗಳು 'ಎವ್-ಲೆರ್', ಮನೆಗಳಲ್ಲಿ 'ಎವ್-ಲೆರ್-ದೆ'. ಕನ್ನಡದಲ್ಲೂ ಮನೆ-ಗಳ-ಲ್ಲಿ. ಜಪಾನಿ, ಹಂಗೇರಿಯನ್, ಸ್ವಾಹಿಲಿ, ಬಾಸ್ಕ್ ಭಾಷೆಗಳಲ್ಲೂ ಈ ಗುಣ ಇದೆ. ಇದು ಭಾಷೆಯ ಕಟ್ಟಡದ ಮಾದರಿ, ಅದರಿಂದ ವಂಶ ತಿಳಿಯುವುದಿಲ್ಲ. ಎರಡು ಮನೆಗಳಿಗೆ ಹೆಂಚಿನ ಮಾಡು ಇದ್ದ ಮಾತ್ರಕ್ಕೆ ಅವು ಅಣ್ಣತಮ್ಮಂದಿರವು ಆಗುವುದಿಲ್ಲ. ಇದೇ ವಾದದ ಬಲದಿಂದ ಸುಮೇರಿಯನ್ನರನ್ನು ಹಂಗೇರಿಯವರೂ ತಮಿಳರೂ ತಮ್ಮವರೆಂದು ಹೇಳಿಕೊಂಡಿದ್ದಾರೆ. ಎಲ್ಲರೂ ಸರಿಯಾಗಿರಲು ಸಾಧ್ಯವಿಲ್ಲವಲ್ಲ.

ಊರಿನ ವಿಷಯಕ್ಕೆ ಬರೋಣ. ಉರ್ ನಗರಕ್ಕೆ ಸುಮೇರಿಯನ್ನರು ಇಟ್ಟ ಹೆಸರು 'ಉರಿಮ್'. 'ಉರ್' ಎಂಬುದು ಆಮೇಲಿನ ಮೊಟಕು ರೂಪ. ಅವರ ಭಾಷೆಯಲ್ಲಿ ನಗರ ಎಂಬ ಅರ್ಥದ ಪದ ಬೇರೆಯೇ ಇದೆ, ಅದನ್ನು 'ಉರು' ಅಥವಾ 'ಇರಿ' ಎಂದು ಓದುತ್ತಾರೆ. 'ಉರು' ನೋಡಿದಾಗ ನಮಗೂ ಒಂದು ಕ್ಷಣ ಮೈ ಜುಮ್ಮೆಂದಿತು, ಒಪ್ಪಿಕೊಳ್ಳುತ್ತೇವೆ. ಆದರೆ ಚೀನೀ ಭಾಷೆಯಲ್ಲಿ 'ನೀ' ಅಂದರೆ ನೀನು ಎಂದೇ ಅರ್ಥ. ಪರ್ಷಿಯನ್‌ನ 'ಬದ್' (ಬದ್ಮಾಶ್, ಬದ್‌ನಾಮ್‌ಗಳಲ್ಲಿ ಇರುವುದು) ಮತ್ತು ಇಂಗ್ಲಿಷಿನ 'ಬ್ಯಾಡ್' ಎರಡಕ್ಕೂ ಕೆಟ್ಟದ್ದು ಎಂದೇ ಅರ್ಥ, ನಂಟು ಮಾತ್ರ ಇಲ್ಲ. ಆಸ್ಟ್ರೇಲಿಯದ ಮೂಲನಿವಾಸಿಗಳ ಒಂದು ಭಾಷೆ ಎಂಬಬರಮ್. ಅದರಲ್ಲಿ ನಾಯಿಗೆ 'ಡಾಗ್' ಅನ್ನುತ್ತಿದ್ದರು! ಇಂಗ್ಲಿಷಿನಿಂದ ಕಡ ಪಡೆದದ್ದಲ್ಲ, ಪಕ್ಕಾ ಕಾಕತಾಳೀಯ. ಪ್ರತಿ ಭಾಷೆಯಲ್ಲೂ ಸಾವಿರಾರು ಪದ, ಬಳಕೆಗೆ ಸಿಗುವ ಸದ್ದುಗಳು ಮಾತ್ರ ಕೆಲವೇ ಡಜನ್. ಹುಡುಕಿದರೆ ಯಾವ ಎರಡು ಭಾಷೆಯಲ್ಲೂ ಇಂಥ ಜೋಡಿಗಳು ಸಿಕ್ಕೇ ಸಿಗುತ್ತವೆ.

ಹಾಗಾದರೆ ನಂಟು ತಿಳಿಯುವುದು ಹೇಗೆ?

ಸದ್ದಿನ ವ್ಯತ್ಯಾಸ ಎಲ್ಲ ಕಡೆ ಒಂದೇ ಕ್ರಮದಲ್ಲಿದೆಯೇ ಎಂದು ನೋಡುತ್ತಾರೆ. ನಮ್ಮ ಮನೆಯ ಉದಾಹರಣೆ: ತಮಿಳಿನ ಪಾಲ್, ಪುಲಿ, ಪೂ, ಪಲ್, ಪಗಲ್ ನಮ್ಮಲ್ಲಿ ಹಾಲು, ಹುಲಿ, ಹೂ, ಹಲ್ಲು, ಹಗಲು. ಪಕಾರ ಹೋಗಿ ಹಕಾರ ಬಂದದ್ದು ಒಂದು ಪದದಲ್ಲಿ ಮಾತ್ರವಲ್ಲ, ಸಾಲು ಸಾಲಾಗಿ. ತಮಿಳಿನ ಚೆವಿ, ಚೇರಿ ನಮ್ಮಲ್ಲಿ ಕಿವಿ, ಕೇರಿ. ಹಳಗನ್ನಡದ ಶಾಸನಗಳಲ್ಲಿ ಹಾಲು ಇನ್ನೂ 'ಪಾಲ್' ಆಗಿಯೇ ಕಾಣುತ್ತದೆ, ಅಂದರೆ ಬದಲಾವಣೆ ನಡೆದದ್ದಕ್ಕೆ ಕಲ್ಲಿನ ಸಾಕ್ಷಿ ಇದೆ.

ತುರ್ಕಿಕ್ ಕುಟುಂಬದಲ್ಲೂ ಹೀಗೆಯೇ. ಟರ್ಕಿಶ್‌ನಲ್ಲಿ ಹುಡುಗಿ 'ಕಿಜ್', ಒಂಬತ್ತು 'ದೊಕುಜ್'. ವೋಲ್ಗಾ ತೀರದ ಚುವಾಶ್ ಭಾಷೆಯಲ್ಲಿ ಅವು 'ಹೆರ್', 'ತಹರ್'. ಕಿವಿಗೆ ಹೋಲುವುದೇ ಇಲ್ಲ, ಆದರೆ ಒಂದರ ಜಕಾರಕ್ಕೆ ಇನ್ನೊಂದರಲ್ಲಿ ರಕಾರ ಬರುವ ನಿಯಮ ಪದದಿಂದ ಪದಕ್ಕೆ ಮರುಕಳಿಸುತ್ತದೆ. ನಿಜವಾದ ನೆಂಟರು ಎಷ್ಟೋ ಸಲ ಮುಖ ಹೋಲುವುದಿಲ್ಲ. ಮುಖ ಹೋಲುವವರು ಎಷ್ಟೋ ಸಲ ನೆಂಟರಲ್ಲ.

ಅಮೆಜಾನ್ ತುರ್ಕಿಯಾದದ್ದು ಯಾವಾಗ?

ಇದು ವಾಟ್ಸಾಪ್ ಕಾಲದ ಆವಿಷ್ಕಾರವಲ್ಲ. ಮೊದಲ ಮಹಾಯುದ್ಧದಲ್ಲಿ ಸೋತ ಒಟ್ಟೊಮನ್ ಸಾಮ್ರಾಜ್ಯವನ್ನು 1920ರ ಸೆವ್ರ್ ಒಪ್ಪಂದ ತುಂಡು ತುಂಡು ಮಾಡಲು ಹೊರಟಿತ್ತು. ಅನಟೋಲಿಯದ ನೆಲ ತಮ್ಮದೆಂದು ಗ್ರೀಕರು, ಆರ್ಮೇನಿಯನ್ನರು ಪ್ರಾಚೀನ ಇತಿಹಾಸ ತೋರಿಸಿ ವಾದಿಸುತ್ತಿದ್ದರು. ಯುರೋಪಿನ ಪಠ್ಯಪುಸ್ತಕಗಳಲ್ಲಿ ತುರ್ಕರನ್ನು ಕೀಳು ಜನಾಂಗವೆಂದು ಬರೆಯಲಾಗಿತ್ತು. ಅಂಥದೊಂದು ಫ್ರೆಂಚ್ ಪುಸ್ತಕವನ್ನು ಅಟಾಟುರ್ಕ್ ಅವರ ಸಾಕುಮಗಳು, ಮುಂದೆ ಇತಿಹಾಸಕಾರ್ತಿಯಾದ ಆಫೆತ್ ಇನಾನ್ 1928ರಲ್ಲಿ ಅವರಿಗೆ ತೋರಿಸಿದರಂತೆ. ಆ ನೋವು ಸುಳ್ಳಲ್ಲ. ಅದಕ್ಕೆ ಹುಡುಕಿದ ಮದ್ದು ಮಾತ್ರ ವಿಚಿತ್ರವಾಗಿತ್ತು.

1932ರಲ್ಲಿ ಅಂಕಾರಾದಲ್ಲಿ ನಡೆದ ಮೊದಲ ಇತಿಹಾಸ ಸಮ್ಮೇಳನದ ಹೊತ್ತಿಗೆ ಹೊಸ ವಾದ ಸಿದ್ಧವಾಗಿತ್ತು: ಮಧ್ಯ ಏಷ್ಯಾ ಒಣಗಿಹೋದಾಗ ತುರ್ಕರು ಚದುರಿ ಚೀನಾ, ಭಾರತ, ಮೆಸೊಪೊಟೇಮಿಯ, ಈಜಿಪ್ಟ್, ಅನಟೋಲಿಯಗಳಿಗೆ ನಾಗರಿಕತೆ ಹಂಚಿದರು. ಸುಮೇರಿಯನ್ನರೂ ಹಿಟ್ಟೈಟರೂ ತುರ್ಕರೇ. ಹಿಟ್ಟೈಟರು ಗ್ರೀಕರಿಗಿಂತ ಮೊದಲು ಅನಟೋಲಿಯದಲ್ಲಿದ್ದರು, ಹಾಗಾಗಿ ನೆಲ ನಮ್ಮದು. ನಮ್ಮ ರೈತರ ಮಾತಿನಲ್ಲಿ ಹೇಳುವುದಾದರೆ ಹೆಸರುಗಳನ್ನೇ ಪಹಣಿಯಾಗಿ ತೋರಿಸುವ ಕೆಲಸ. ಸರ್ಕಾರಿ ಬ್ಯಾಂಕುಗಳಿಗೂ ಈ ಹೆಸರುಗಳು ಬಂದವು. 1933ರಲ್ಲಿ ಸುಮೇರ್‌ಬ್ಯಾಂಕ್, 1935ರಲ್ಲಿ ಹಿಟ್ಟೈಟರ ಹೆಸರಿನ ಎತಿಬ್ಯಾಂಕ್.

1935ರಲ್ಲಿ ವಿಯೆನ್ನಾದ ಹೆರ್ಮನ್ ಕ್ವೆರ್ಗಿಚ್ ಎಂಬಾತ ಕಳಿಸಿದ ಹಸ್ತಪ್ರತಿಯಿಂದ 'ಸೂರ್ಯ ಭಾಷಾ ಸಿದ್ಧಾಂತ' ಹುಟ್ಟಿತು. ಆದಿಮಾನವ ಸೂರ್ಯನನ್ನು ಕಂಡು ಬೆರಗಾಗಿ 'ಆ' ಎಂದು ಉದ್ಗರಿಸಿದ, ಆ ಶಬ್ದವೇ ತುರ್ಕಿಯ ಬೇರು, ಜಗತ್ತಿನ ಭಾಷೆಗಳೆಲ್ಲ ಅದರಿಂದ ಬಂದವು ಎಂದು ಅದರ ಸಾರ. 1936ರ ಭಾಷಾ ಸಮ್ಮೇಳನದಲ್ಲಿ ಇದನ್ನು ಅಧಿಕೃತವಾಗಿ ಮೆರೆಸಲಾಯಿತು. ಇದರಿಂದ ಒಂದು ಉಪಯೋಗವೂ ಆಯಿತು. ಅರಬ್ಬಿ, ಪರ್ಷಿಯನ್ ಪದಗಳನ್ನು ಓಡಿಸುವ ಚಳವಳಿ ಅತಿಯಾಗಿ ಜನರಿಗೆ ಮಾತೇ ತೋಚದಂತಾಗಿತ್ತು. ಎಲ್ಲ ಪದವೂ ಮೂಲದಲ್ಲಿ ತುರ್ಕಿಯೇ ಎಂದ ಮೇಲೆ ಯಾವುದನ್ನೂ ಓಡಿಸಬೇಕಾಗಿಲ್ಲವಲ್ಲ!

ಅಮೆಜಾನ್ ಅಂದರೆ 'ಅಮ್ಮಾ ಉಝುನ್' (ಎಷ್ಟೊಂದು ಉದ್ದ!), ನಯಾಗರಾ ಅಂದರೆ 'ನೆ ಯಾಯ್‌ಗರಾ' (ಏನು ಗದ್ದಲ!) ಎಂಬ ವ್ಯುತ್ಪತ್ತಿಗಳು ಹರಿದಾಡಿದ್ದು ಈ ಕಾಲದಲ್ಲಿ. ನಯಾಗರಾ ಉತ್ತರ ಅಮೆರಿಕದ ಮೂಲನಿವಾಸಿಗಳ ಭಾಷೆಯದು. ಅಮೆಜಾನ್ ನದಿಗೆ ಹೆಸರು ಬಂದದ್ದು 1541-42ರಲ್ಲಿ ಅಲ್ಲಿ ಪಯಣಿಸಿದ ಸ್ಪ್ಯಾನಿಷ್ ಒರೆಲ್ಲಾನನ ತಂಡದ ಕಥೆಯಿಂದ. ಹೋರಾಡುವ ಹೆಂಗಸರನ್ನು ಕಂಡೆವೆಂದು ಅವರು ಗ್ರೀಕ್ ಪುರಾಣದ ವೀರವನಿತೆಯರನ್ನು ನೆನಪಿಸಿಕೊಂಡರು. ತಮಾಷೆಯೆಂದರೆ ಟರ್ಕಿಶ್‌ನ 'ಅಮ್ಮಾ' ಎಂಬ ಪದವೇ ಅರಬ್ಬಿಯಿಂದ ಕಡ ತಂದದ್ದು.

1938ರಲ್ಲಿ ಅಟಾಟುರ್ಕ್ ತೀರಿಕೊಂಡರು. ಸೂರ್ಯ ಸಿದ್ಧಾಂತವನ್ನು ಪಾಠ ಮಾಡುತ್ತಿದ್ದ ಇಬ್ರಾಹಿಂ ನೆಜ್ಮಿ ದಿಲ್ಮೆನ್ ತರಗತಿ ನಿಲ್ಲಿಸಿಬಿಟ್ಟರು. ಏಕೆಂದು ವಿದ್ಯಾರ್ಥಿಗಳು ಕೇಳಿದ್ದಕ್ಕೆ, ಸೂರ್ಯನೇ ಹೋದ ಮೇಲೆ ಅವನ ಸಿದ್ಧಾಂತ ಉಳಿಯುತ್ತದೆಯೇ ಎಂಬರ್ಥದ ಉತ್ತರ ಕೊಟ್ಟರಂತೆ. ಉಳಿದದ್ದು ಅಂಕಾರಾದಲ್ಲಿ ಅದೇ ಉತ್ಸಾಹದಲ್ಲಿ ಕಟ್ಟಿದ ಭಾಷೆ, ಇತಿಹಾಸ, ಭೂಗೋಳಗಳ ವಿದ್ಯಾಲಯ. ನಾಜಿಗಳಿಂದ ತಪ್ಪಿಸಿಕೊಂಡು ಬಂದ ಬೆನ್ನೊ ಲಾಂಡ್ಸ್‌ಬರ್ಗರ್, ಹಾನ್ಸ್ ಗ್ಯುಟರ್‌ಬಾಕ್ ಅಂಥ ದಿಗ್ಗಜರು ಅಲ್ಲಿ ಸುಮೇರ್, ಹಿಟ್ಟೈಟ್ ಫಲಕಗಳನ್ನು ಓದುವುದನ್ನು ಟರ್ಕಿಯ ಮಕ್ಕಳಿಗೆ ಕಲಿಸಿದರು. ಹಿಟ್ಟೈಟ್ ಭಾಷೆ ತುರ್ಕಿಕ್ ಅಲ್ಲ, ಸಂಸ್ಕೃತ, ಗ್ರೀಕ್‌ಗಳ ಕಡೆಯ ನೆಂಟ ಎಂದು ಚೆಕ್ ವಿದ್ವಾಂಸ ಹ್ರೊಜ್ನಿ 1915ರಲ್ಲೇ ತೋರಿಸಿದ್ದರು.

ಟ್ರಾಯ್ ಕಥೆಯನ್ನು ಮೊದಲು ಹೇಳಿದ್ದು ಯುರೋಪು

ಇದೊಂದನ್ನು ತುರ್ಕರ ತಲೆಗೆ ಕಟ್ಟುವಂತಿಲ್ಲ. 15ನೇ ಶತಮಾನದ ಯುರೋಪಿನ ಲ್ಯಾಟಿನ್ ಲೇಖಕರೇ ತುರ್ಕರನ್ನು 'ತ್ಯೂಕ್ರಿ' ಎಂದು ಬರೆಯುತ್ತಿದ್ದರು. ಅದು ಪ್ರಾಚೀನ ಕಾವ್ಯಗಳಲ್ಲಿ ಟ್ರಾಯ್ ಜನರಿಗಿದ್ದ ಹೆಸರು. ಮುಂದೆ ಎರಡನೇ ಪಯಸ್ ಎಂಬ ಹೆಸರಿನಲ್ಲಿ ಪೋಪ್ ಆದ ವಿದ್ವಾಂಸನಂತೂ ಇದು ತಪ್ಪೆಂದು ತಕರಾರು ತೆಗೆದಿದ್ದ. ಕಾನ್‌ಸ್ಟಾಂಟಿನೋಪಲ್ ಗೆದ್ದ ಸುಲ್ತಾನ ಎರಡನೇ ಮೆಹ್ಮದ್ 1462ರಲ್ಲಿ ಟ್ರಾಯ್‌ಗೆ ಭೇಟಿ ಕೊಟ್ಟು, ಆ ನಗರಕ್ಕಾದ ಅನ್ಯಾಯಕ್ಕೆ ಗ್ರೀಕರ ಮೇಲೆ ಸೇಡು ತೀರಿತು ಎಂಬಂತೆ ಮಾತಾಡಿದನೆಂದು ಗ್ರೀಕ್ ಲೇಖಕ ಕ್ರಿಟೊಬೌಲಸ್ ದಾಖಲಿಸಿದ್ದಾನೆ. ಹಿಟ್ಟೈಟ್ ಫಲಕಗಳಲ್ಲಿ ಆ ನಗರದ ಹೆಸರು 'ವಿಲುಸ', ಗ್ರೀಕರ 'ಇಲಿಯನ್' ಇದರದೇ ರೂಪವೆಂದು ಹೆಚ್ಚಿನವರು ಒಪ್ಪುತ್ತಾರೆ. ಕಾಲ ಕ್ರಿ.ಪೂ. 13ನೇ ಶತಮಾನ. ತುರ್ಕರ ಹೆಸರಿಗೆ ಇನ್ನೂ 1800 ವರ್ಷ ಇದೆ.

ನಿಜವಾಗಿ ತುರ್ಕರವು ಯಾವುವು?

ಹಂಗೇರಿ. ಈ ಹೆಸರು 'ಒನೊಗುರ್' ಎಂಬ ತುರ್ಕಿಕ್ ಬುಡಕಟ್ಟಿನ ಹೆಸರಿನಿಂದ ಬಂದದ್ದು. 'ಒನ್' ಅಂದರೆ ಹತ್ತು, 'ಒಗುರ್' ಅಂದರೆ ಬುಡಕಟ್ಟು. 'ಒಗುಜ್' ತುರ್ಕರ ಹೆಸರಿನ ಜೊತೆ ಹೋಲಿಸಿ, ಮೇಲೆ ಹೇಳಿದ ರಕಾರ-ಜಕಾರದ ನಿಯಮ ಇಲ್ಲೂ ಕಾಣುತ್ತದೆ. ಆದರೆ ಹಂಗೇರಿಯವರ ಭಾಷೆ ತುರ್ಕಿಕ್ ಅಲ್ಲ, ಫಿನ್ನಿಶ್ ಕಡೆಯದು. ಬಲ್ಗೇರಿಯದ ಹೆಸರು ಬಲ್ಗರ್ ಎಂಬ ತುರ್ಕಿಕ್ ಜನರದು. ಅಲ್ಲಿ ಇಂದು ಆಡುವುದು ಸ್ಲಾವಿಕ್ ಭಾಷೆ. ಒಂದು ನಾಡಿನ ಹೆಸರು ತುರ್ಕಿಕ್ ಎಂದು ಸಾಬೀತಾದರೂ ಅಲ್ಲಿನವರ ಭಾಷೆ, ವಂಶ ಸಾಬೀತಾಗುವುದಿಲ್ಲ ಎಂಬುದಕ್ಕೆ ಇವೆರಡೇ ಸಾಕು.

ಹೂಣರ ದೊರೆ ಅಟಿಲನದು ಇದರ ತಿರುವುಮುರುವು. ಅವನ ಮಗ ದೆಂಗಿಜಿಕ್‌ನ ಹೆಸರಿನಲ್ಲಿ ತುರ್ಕಿಕ್‌ನ 'ದೆಂಗಿಜ್' (ಸಮುದ್ರ) ಇರುವಂತಿದೆ. ಇನ್ನೊಬ್ಬ ಮಗ ಎರ್ನಾಕ್‌ನ ಹೆಸರಿನಲ್ಲಿ 'ಎರ್' (ಗಂಡಾಳು) ಇರಬಹುದು. ಅಪ್ಪನ ಹೆಸರನ್ನು ಮಾತ್ರ ಹೆಚ್ಚಿನ ವಿದ್ವಾಂಸರು ಗೋಥಿಕ್ ಎಂಬ ಜರ್ಮನಿಕ್ ಭಾಷೆಯದೆಂದು ಬಗೆಯುತ್ತಾರೆ. 'ಅತ್ತ' ಅಂದರೆ ತಂದೆ, '-ಇಲ' ಎಂಬುದು ಪುಟ್ಟ, ಮುದ್ದಿನ ಎನ್ನುವ ಪ್ರತ್ಯಯ. ಸೇರಿ 'ಅಪ್ಪಯ್ಯ' ಎಂದ ಹಾಗೆ. ಅವನ ಆಳ್ವಿಕೆಯಲ್ಲಿ ಗೋಥರು ದಂಡಿಯಾಗಿದ್ದರು. ಒಮೆಲ್ಯನ್ ಪ್ರಿಟ್ಸಾಕ್ 1982ರಲ್ಲಿ ತುರ್ಕಿಕ್ ವಿವರಣೆಯೊಂದನ್ನು ಮುಂದಿಟ್ಟರು. ಚರ್ಚೆ ಮುಗಿದಿಲ್ಲ.

ನಮ್ಮ ಕಡೆಯದೂ ಒಂದಿದೆ

12ನೇ ಶತಮಾನದ ಕಾಶ್ಮೀರದ ಕಲ್ಹಣ 'ರಾಜತರಂಗಿಣಿ'ಯಲ್ಲಿ ಕನಿಷ್ಕನನ್ನು ತುರುಷ್ಕ ಎಂದು ಕರೆದಿದ್ದಾನೆ. "ಕನಿಷ್ಕ ತುರ್ಕ" ಎನ್ನುವವರ ಆಧಾರ ಇದು. ಆದರೆ ಕನಿಷ್ಕ ಕಲ್ಹಣನಿಗಿಂತ ಸುಮಾರು ಸಾವಿರ ವರ್ಷ ಹಿಂದಿನವನು. ವಾಯವ್ಯದಿಂದ ಬಂದವರೆಲ್ಲ ಕಲ್ಹಣನ ಕಾಲದವರಿಗೆ ತುರುಷ್ಕರೇ. 1993ರಲ್ಲಿ ಅಫ್ಘಾನಿಸ್ತಾನದ ರಬಾತಕ್‌ನಲ್ಲಿ ಸಿಕ್ಕ ಕನಿಷ್ಕನ ಸ್ವಂತ ಶಾಸನ ಇರಾನಿ ಬಳಗದ ಬ್ಯಾಕ್ಟ್ರಿಯನ್ ಭಾಷೆಯಲ್ಲಿದೆ, ಆ ಭಾಷೆಯನ್ನು ಅದು 'ಆರ್ಯ' ಎಂದು ಹೆಸರಿಸುತ್ತದೆ.

ಇನ್ನು ಕನ್ನಡಿಗರ ಅಚ್ಚುಮೆಚ್ಚಿನದು: ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಪ್ರಹಸನ. ಭಾರತದ ಕರಾವಳಿಯ ರಾಜನೊಬ್ಬನಲ್ಲಿ ಸೆರೆಯಾದ ಖರಿಟಿಯಾನ್ ಎಂಬ ಗ್ರೀಕ್ ಹುಡುಗಿಯನ್ನು ಅವಳ ಅಣ್ಣ ಬಿಡಿಸಿಕೊಂಡು ಹೋಗುವ ಕಥೆ. ಅದರಲ್ಲಿ ರಾಜ ಮತ್ತು ಅವನ ಕಡೆಯವರು ಆಡುವ ಅರ್ಥವಾಗದ ಮಾತುಗಳು ಕನ್ನಡ ಎಂದು 1904ರಲ್ಲಿ ಹುಲ್ಟ್ಶ್ ಸೂಚಿಸಿದರು. ಮೈಸೂರಿನ ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ ಅದನ್ನು ಬೆಳೆಸಿದರು. 1926ರಲ್ಲಿ ಎಲ್. ಡಿ. ಬಾರ್ನೆಟ್ ಒಪ್ಪಲಿಲ್ಲ. ಅದು ತುಳು ಎಂದವರೂ ಇದ್ದಾರೆ. ತುರ್ಕರ ಪಟ್ಟಿಗೆ ಹಿಡಿದ ಅಳತೆಗೋಲನ್ನೇ ಇಲ್ಲೂ ಹಿಡಿದರೆ 'ಇರಬಹುದು, ಸಾಬೀತಾಗಿಲ್ಲ' ಎಂದಷ್ಟೇ ಬರೆಯಬೇಕಾಗುತ್ತದೆ. "ಈಜಿಪ್ಟಿನಲ್ಲಿ ಕನ್ನಡ ನಾಟಕ ಸಿಕ್ಕಿದೆ" ಎಂಬ ಫಾರ್ವರ್ಡ್ ಬಂದರೆ ನಾವಂತೂ ಮುಂದೆ ಕಳಿಸುವುದಿಲ್ಲ.

ಆದರೆ ಅದೇ 2ನೇ ಶತಮಾನದ ಇನ್ನೊಂದು ಗ್ರೀಕ್ ಪುಸ್ತಕ, ಟಾಲೆಮಿಯ ಭೂಗೋಳ, ಕಳಿಸಲು ಯೋಗ್ಯ. ಅದರಲ್ಲಿ ಬೈಥನ ಎಂಬ ಊರನ್ನು ಆಳುವ ದೊರೆಯ ಹೆಸರು 'ಸಿರೊಟಾಲೆಮಯೊಸ್'. ನೋಡಲು ಗ್ರೀಕನಂತೆ ಕಂಡರೂ ಅವನು ಪೈಠಣದ ಶಾತವಾಹನ ದೊರೆ ಸಿರಿ ಪುಳುಮಾವಿ. ಹೆಸರು ಗ್ರೀಕರ ಬಾಯಲ್ಲಿ ಅವರಿಗೆ ಪರಿಚಿತವಾದ ಟಾಲೆಮಿ ಆಗಿಬಿಟ್ಟಿತು. ಇದನ್ನು ನಂಬುವುದು ಸದ್ದು ಹೋಲುತ್ತದೆ ಎಂದಲ್ಲ. ಪುಳುಮಾವಿಯ ನಾಣ್ಯ, ಶಾಸನ, ಕಾಲ, ಊರು ಎಲ್ಲ ಕೂಡಿಬರುತ್ತವೆ ಎಂದು. ಅದೇ ಪುಸ್ತಕದ ಪಟ್ಟಿಯಲ್ಲಿ 'ಬನವಸೆಯ್' ಎಂಬ ಊರೂ ಇದೆ. ಉತ್ತರ ಕನ್ನಡದ ಬನವಾಸಿ ಅದು. ಆ ಊರಿನಲ್ಲೇ ಶಾತವಾಹನರ ಕಾಲದ ಪ್ರಾಕೃತ ಶಾಸನ ಸಿಕ್ಕಿದೆ. ಸಿರಸಿಯಿಂದ ಬಸ್ಸಿನಲ್ಲಿ ಹೋಗಿ ನೋಡಿಬರಬಹುದಾದಷ್ಟು ಹತ್ತಿರದ ಊರು.